1967ರ ಫೆಬ್ರವರಿ ಸಿಂಗಲ್: ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎರಡನೇ ಸ್ಥಾನದಲ್ಲಿ ನಿಂತದ್ದು ಸೋಲಾ?

ಹಳೇ_ರೆಕಾರ್ಡು:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ವಿಷಯ ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ, ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಅವರ ಮೊದಲ ಸೋಲು ಅಂತ. ಮೊನ್ನೆ ಇಲ್ಲೇ ಇನ್ನೊಂದು ಚರ್ಚೆಯಲ್ಲೂ ಅದೇ ಮಾತು ಬಂತು. ಓದಿ ಸುಮ್ನೆ ಇರೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ನಿಜ. 1963ರಿಂದ ಶುರುವಾಗಿ ಸಾಲಾಗಿ 11 ಸಿಂಗಲ್‌ಗಳು, ಅಂದರೆ ಬದಿಗೊಂದು ಹಾಡಿನ ಸಣ್ಣ ರೆಕಾರ್ಡುಗಳು, ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿದ್ದವು. 1967ರ ಫೆಬ್ರವರಿ 17ಕ್ಕೆ ಈ ರೆಕಾರ್ಡು ಬಂತು. ಒಂದು ಬದಿಗೆ ಇದು, ಇನ್ನೊಂದು ಬದಿಗೆ ‘ಪೆನ್ನಿ ಲೇನ್’. ಎರಡೂ ಎ ಸೈಡ್, ಯಾವುದೂ ಜೊತೆಗೆ ಕೊಟ್ಟ ಹಾಡಲ್ಲ. ಆದರೂ ಎರಡನೇ ಸ್ಥಾನಕ್ಕೆ ಬಂದು ಅಲ್ಲೇ ನಿಂತಿತು.

ಆ ಹೊತ್ತಿಗೆ ಅವರ ಪರಿಸ್ಥಿತಿ ಹೇಗಿತ್ತು ನೋಡಿ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಕೊನೆಯ ಕಛೇರಿ ಕೊಟ್ಟು ಊರೂರು ಸುತ್ತುವುದನ್ನು ನಿಲ್ಲಿಸಿದ್ದರು. ತಂಡದ ಜಾನ್ ಲೆನ್ನನ್ ಒಂದು ಸಿನಿಮಾದಲ್ಲಿ ನಟಿಸೋಕೆ ಸ್ಪೇನಿನ ಅಲ್ಮೇರಿಯಾಗೆ ಹೋದರು. ಶೂಟಿಂಗ್ ಅಂದ್ರೆ ಕಾಯುವುದೇ ಜಾಸ್ತಿ ಅಲ್ವಾ, ಆ ಬಿಡುವಿನಲ್ಲಿ ಗಿಟಾರ್ ಹಿಡಿದು ಕೂತು ಈ ಹಾಡು ಕಟ್ಟಿದರು. ಅದೇ ಸಮಯದಲ್ಲಿ ತಂಡದ ಇನ್ನೊಬ್ಬರು, ಜಾರ್ಜ್ ಹ್ಯಾರಿಸನ್, ನಮ್ಮ ಮುಂಬಯಿಯಲ್ಲಿ ರವಿಶಂಕರ್ ಹತ್ತಿರ ಸಿತಾರ್ ಕಲಿಯುತ್ತಿದ್ದರು. ಇತ್ತ ಇಂಗ್ಲೆಂಡಿನ ಪತ್ರಿಕೆಗಳು ತಂಡ ಒಡೆಯಿತಾ, ಮುಗಿಯಿತಾ ಅಂತ ಕೇಳುತ್ತಿದ್ದವು. ತಿಂಗಳುಗಟ್ಟಲೆ ಹೊಸ ಹಾಡಿಲ್ಲ. ಆಮೇಲೆ ಬಂದದ್ದು ಇದು.

ನಾನು ಇದನ್ನು ಮೊದಲು ಕೇಳಿದ್ದು 1983ರಲ್ಲಿ, ಮೈಸೂರಿನ ಹಾಸ್ಟೆಲ್ ರೂಮಿನಲ್ಲಿ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿದ ಪ್ರತಿ. ಶುರುವಿನ ಆ ಕೊಳಲು ಸ್ವಲ್ಪ ನಡುಗುತ್ತೆ ನೋಡಿ, ನನ್ನ ರೂಮ್‌ಮೇಟ್ ಟೇಪು ಸಿಕ್ಕಿಕೊಂಡಿದೆ ಅಂತ ಕ್ಯಾಸೆಟ್ ಹೊರಗೆ ತೆಗೆದು, ಪೆನ್ಸಿಲ್ ತೂರಿಸಿ ಸುತ್ತಿ ಬಿಗಿ ಮಾಡಿದ. ಮತ್ತೆ ಹಾಕಿದೆವು. ಹಾಗೇ ನಡುಗಿತು. ಮತ್ತೆ ಪೆನ್ಸಿಲ್. ಮೂರನೇ ಸಲ ಗೊತ್ತಾಯಿತು, ಹಾಡು ಇರೋದೇ ಹಾಗೆ. ಕೊನೆಯಲ್ಲಿ ಹಾಡು ಸಣ್ಣಗಾಗಿ ನಿಂತೇ ಹೋಗಿ ಮತ್ತೆ ಎದ್ದು ಬರುತ್ತಲ್ಲ, ಅದನ್ನಂತೂ ನಾವು ಎಷ್ಟೋ ವಾರ ಕೇಳಿಯೇ ಇರಲಿಲ್ಲ. ಮುಗೀತು ಅಂತ ಗುಂಡಿ ಒತ್ತಿಬಿಡುತ್ತಿದ್ದೆವು.

ಕೇಳುವವರ ಕೈ ಮತ್ತೆ ಮತ್ತೆ ಗುಂಡಿಯ ಮೇಲೆ ಹೋಗುವಂಥ ಹಾಡು ಎರಡನೇ ಸ್ಥಾನದ ತನಕ ಹೋಗಿದ್ದೇ ದೊಡ್ಡದು. ಇದು ನನ್ನ ವಾದ. ನೀವೇನಂತೀರಿ?

ಹೊಸ_ಕಿವಿ:

ಸರ್, ನನಗೆ 22. ನಿಮ್ಮ ಪೋಸ್ಟ್ ಓದಿ ನಿನ್ನೆ ರಾತ್ರಿ ಮೂರು ಸಲ ಕೇಳಿದೆ. ನಿಜ ಹೇಳ್ತೀನಿ, ನನಗೆ ಹಿಡಿಸಲಿಲ್ಲ. ‘ಪೆನ್ನಿ ಲೇನ್’ ಕೂಡಲೇ ಇಷ್ಟ ಆಯ್ತು, ಇದು ಆಗಲಿಲ್ಲ. ಎಲ್ಲೋ ನೀರಿನ ಅಡಿಯಿಂದ ಹಾಡಿದ ಹಾಗಿದೆ. ದನಿ ಭಾರ. ಮಧ್ಯದಲ್ಲಿ ವಾದ್ಯಗಳು ಏನೋ ಬದಲಾದ ಹಾಗೆ ಅನ್ನಿಸುತ್ತೆ, ಏನು ಅಂತ ಗೊತ್ತಾಗಲ್ಲ. ಇದನ್ನು ಇಷ್ಟು ಜನ ಹೊಗಳುವಾಗ ನನ್ನ ಕಿವಿಯಲ್ಲೇ ಏನಾದರೂ ಕೊರತೆಯಾ ಅನ್ನಿಸಿತು. ಬೇಜಾರು ಮಾಡಿಕೊಳ್ಳಬೇಡಿ.

ಬೇಸ್_ಸದ್ದು:

ಕೊರತೆ ಏನೂ ಇಲ್ಲ ತಮ್ಮಾ. ನೀನು ಹೇಳಿದ್ದನ್ನೇ 1967ರಲ್ಲೂ ಜನ ಹೇಳಿದ್ದರು. ಆಗ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಗೆ ವಿಮರ್ಶೆ ಬರೆದ ಡೆರೆಕ್ ಜಾನ್ಸನ್, ಬೀಟಲ್ಸ್‌ನ ಸಿಂಗಲ್‌ಗಳಲ್ಲೇ ಇದು ತೀರಾ ಬೇರೆ ಥರದ್ದು, ಇದರ ಬಗ್ಗೆ ಏನು ಹೇಳಬೇಕೋ ನನಗೇ ಗೊತ್ತಾಗುತ್ತಿಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದರು. ವಾರ ವಾರ ಹತ್ತಾರು ರೆಕಾರ್ಡು ಕೇಳುವ ಕೆಲಸ ಅವರದು. ಅವರೇ ಹಾಗೆ ಅಂದರು. ನನಗೆ ಆ ವಿಮರ್ಶೆ ತುಂಬಾ ಇಷ್ಟ. ಅರ್ಥ ಆಗದ್ದನ್ನು ಅರ್ಥ ಆಗಲಿಲ್ಲ ಅಂತ ಅಚ್ಚು ಮಾಡಿಸೋಕೆ ಧೈರ್ಯ ಬೇಕು.

ಅಮೆರಿಕದಲ್ಲಿ ಇನ್ನೂ ಸ್ವಾರಸ್ಯ ಇದೆ. ಮಾರ್ಚ್ 11ಕ್ಕೆ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಟಿವಿ ಕಾರ್ಯಕ್ರಮದಲ್ಲಿ ಇದರ ಫಿಲ್ಮ್ ತೋರಿಸಿ, ನಿರೂಪಕ ಡಿಕ್ ಕ್ಲಾರ್ಕ್ ಅಲ್ಲಿ ಕೂತಿದ್ದ ಹುಡುಗ ಹುಡುಗಿಯರ ಹತ್ತಿರ ಮೈಕ್ ಹಿಡಿದುಕೊಂಡು ಹೋದರು. ಬಹಳ ಮಂದಿಗೆ ಹಾಡಿಗಿಂತ ಮೀಸೆಯದ್ದೇ ಚಿಂತೆ. ತಾತಂದಿರ ಹಾಗೆ ಕಾಣ್ತಾರೆ ಅಂದವರೂ ಇದ್ದರು. ಎರಡು ವರ್ಷದ ಹಿಂದೆ ಸೂಟು ಹಾಕಿ ತಲೆ ಅಲ್ಲಾಡಿಸುತ್ತಿದ್ದವರು ಈಗ ಮೀಸೆ ಬಿಟ್ಟು, ಒಣಗಿದ ಮರದ ಕೆಳಗೆ ತಂತಿ ಎಳೆದು ಕಟ್ಟಿದ ಹಳೇ ಪಿಯಾನೋ ಸುತ್ತ ಸುಮ್ಮನೆ ಓಡಾಡುತ್ತಿದ್ದಾರೆ, ಬಾಯಿ ಕೂಡ ಆಡಿಸುತ್ತಿಲ್ಲ, ಕೊನೆಗೆ ಪಿಯಾನೋ ಮೇಲೆ ಬಣ್ಣ ಸುರಿಯುತ್ತಾರೆ. ಆ ಮಕ್ಕಳು ಏನಂತ ಹೇಳಬೇಕು ಪಾಪ.

ನನ್ನದೇ ಒಂದು ಅನುಭವ. ನಾವು ನಾಲ್ಕು ಜನ ಸೇರಿ ಬೆಂಗಳೂರಿನಲ್ಲಿ ಒಂದು ಬ್ಯಾಂಡ್ ನಡೆಸುತ್ತಿದ್ದೆವು. ಒಂದು ಶನಿವಾರ ಒಂದು ಪಬ್ಬಿನಲ್ಲಿ ಈ ಹಾಡು ಬಾರಿಸಿದೆವು. ಒಂದು ತಿಂಗಳು ಅಭ್ಯಾಸ ಮಾಡಿದ್ದೆವು, ಕೊಳಲಿನ ಭಾಗಕ್ಕೆ ಕೀಬೋರ್ಡು ಸಾಲ ತಂದಿದ್ದೆವು. ಅರ್ಧಕ್ಕೆ ಮ್ಯಾನೇಜರ್ ಬಂದು ಕಿವಿಯಲ್ಲಿ ಹೇಳಿದರು, ‘ಏನಾದ್ರೂ ಕುಣಿಯೋ ಥರದ್ದು ಹೊಡೀರಿ, ಟೇಬಲ್‌ಗಳು ಖಾಲಿ ಆಗ್ತಿವೆ.’ ನಿಲ್ಲಿಸಿದೆವು. ಆವತ್ತು ತುಂಬಾ ನೋವಾಯಿತು. ಆದರೆ ಬಾಗಿಲ ಹತ್ತಿರ ಒಬ್ಬರು ಹಿರಿಯರು ಕಾಯುತ್ತಾ ನಿಂತಿದ್ದರು. ಆ ಹಾಡು ಯಾಕೆ ಪೂರ್ತಿ ಮಾಡಲಿಲ್ಲ ಅಂತ ಕೇಳಿದರು. ಒಬ್ಬರೇ. ಆದರೆ ಆ ಒಬ್ಬರಿಗೋಸ್ಕರ ಮುಂದಿನ ವಾರ ನಮ್ಮ ಗ್ಯಾರೇಜಿನಲ್ಲಿ ಪೂರ್ತಿ ಬಾರಿಸಿದೆವು.

ಲೆಕ್ಕದ_ಮೇಷ್ಟ್ರು:

ಪಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ‘ಸೋಲು’ ಅನ್ನೋ ಮಾತು ಹುಟ್ಟಿದ್ದೇ ಅಲ್ಲಿಂದ.

ಆಗ ಇಂಗ್ಲೆಂಡಿನಲ್ಲಿ ಎಲ್ಲರೂ ಒಪ್ಪುವಂಥ ಒಂದೇ ಪಟ್ಟಿ ಇರಲಿಲ್ಲ. ಒಂದೊಂದು ಪತ್ರಿಕೆಗೆ ಒಂದೊಂದು. ‘ರೆಕಾರ್ಡ್ ರಿಟೇಲರ್’ ಪಟ್ಟಿಯಲ್ಲಿ ಈ ಸಿಂಗಲ್ ಎರಡನೆಯದು. ‘ಮೆಲೊಡಿ ಮೇಕರ್’ ಪಟ್ಟಿಯಲ್ಲಿ ಮೊದಲನೆಯದು! ಮುಂದೆ ಇತಿಹಾಸ ಬರೆಯುವಾಗ ‘ರೆಕಾರ್ಡ್ ರಿಟೇಲರ್’ ಲೆಕ್ಕವನ್ನೇ ಅಧಿಕೃತ ಅಂತ ಹಿಡಿದರು. ಹಾಗಾಗಿ ಸೋಲು ಅನ್ನೋದು ನಾವು ಯಾವ ಪುಟ ತೆಗೆದು ನೋಡುತ್ತೇವೆ ಅನ್ನುವುದರ ಮೇಲಿದೆ.

ಅಮೆರಿಕದಲ್ಲಿ ಬೇರೆ ಲೆಕ್ಕ. ಅಲ್ಲಿ ನಾಲ್ಕು ದಿನ ಮೊದಲೇ, ಫೆಬ್ರವರಿ 13ಕ್ಕೆ ಬಂತು. ಅಲ್ಲಿನ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿ ಎರಡು ಬದಿಯನ್ನೂ ಬೇರೆ ಬೇರೆ ಎಣಿಸುತ್ತಿತ್ತು. ‘ಪೆನ್ನಿ ಲೇನ್’ ಮಾರ್ಚ್‌ನಲ್ಲಿ ಒಂದು ವಾರ ಮೊದಲ ಸ್ಥಾನ. ‘ಸ್ಟ್ರಾಬೆರಿ ಫೀಲ್ಡ್ಸ್’ 8ಕ್ಕೆ ನಿಂತಿತು. ಜನರ ಮನಸ್ಸು ತಿಳಿಯೋಕೆ ನನಗೆ ಈ 8 ಜಾಸ್ತಿ ನಂಬಿಕೆಯ ಅಂಕಿ. ಒಂದೇ ರೆಕಾರ್ಡು, ಒಂದೇ ದುಡ್ಡು, ಆದರೂ ಹಗುರವಾದ ಹಾಡು ಮುಂದೆ ಹೋಯಿತು, ವಿಚಿತ್ರವಾದದ್ದು ಹಿಂದೆ ಉಳಿಯಿತು.

ಇಂಗ್ಲೆಂಡಿನಲ್ಲಿ ಇವರನ್ನು ತಡೆದದ್ದು ಯಾರು ಗೊತ್ತಾ? ಎಂಗೆಲ್‌ಬರ್ಟ್ ಹಂಪರ್‌ಡಿಂಕ್. ಹೆಸರು ನೋಡಿ ಜರ್ಮನಿಯವರು ಅಂದುಕೊಳ್ಳಬೇಡಿ. ಅವರ ನಿಜವಾದ ಹೆಸರು ಆರ್ನಲ್ಡ್ ಜಾರ್ಜ್ ಡಾರ್ಸಿ, ಹುಟ್ಟಿದ್ದು 1936ರಲ್ಲಿ ನಮ್ಮ ಪಕ್ಕದ ಮದ್ರಾಸಿನಲ್ಲಿ. ‘ರಿಲೀಸ್ ಮಿ’ ಅನ್ನುವ ಹಳೇ ಅಮೆರಿಕನ್ ಹಾಡನ್ನು ಹೊಸದಾಗಿ ಹಾಡಿದ್ದರು. ಲಂಡನ್ನಿನ ಪಲೇಡಿಯಂ ಟಿವಿ ಕಾರ್ಯಕ್ರಮಕ್ಕೆ ಬರಬೇಕಿದ್ದ ಗಾಯಕರ ಬದಲಿಗೆ ಇವರು ಹೋಗಿ ಹಾಡಿದರು. ಅಲ್ಲಿಂದ ಹಾಡು ಮೇಲೆದ್ದು ಆರು ವಾರ ಮೊದಲ ಸ್ಥಾನ ಬಿಡಲಿಲ್ಲ. ಅದನ್ನು ಕೊಂಡವರಲ್ಲಿ ಅಮ್ಮಂದಿರು, ಅತ್ತೆಯರು, ಮದುವೆ ಮನೆಯವರು ಎಲ್ಲ ಇದ್ದಿರಬೇಕು. ಅದೂ ಒಳ್ಳೆಯ ಹಾಡೇ. ಅಳುವವರಿಗೆ ಜೊತೆ ಕೊಡುವ ಹಾಡು. ಅದನ್ನು ಬೈದು ಇದನ್ನು ಮೇಲೆತ್ತುವುದು ನನಗೆ ಸರಿ ಕಾಣಲ್ಲ.

ಟೇಪು_ಕತ್ತರಿ:

ಹೊಸ ಕಿವಿ ಅವರೇ, ಮಧ್ಯದಲ್ಲಿ ಏನೋ ಬದಲಾಯಿತು ಅಂದಿರಲ್ಲ. ನಿಮ್ಮ ಕಿವಿಗೆ ದೊಡ್ಡ ನಮಸ್ಕಾರ. ಎಷ್ಟೋ ಜನ ಇಪ್ಪತ್ತು ವರ್ಷ ಕೇಳಿದರೂ ಅದು ಗೊತ್ತಾಗಲ್ಲ. ನಾನು ಸೌಂಡ್ ಎಂಜಿನಿಯರ್, ಕಾಲು ಇಂಚಿನ ಟೇಪನ್ನು ಕೈಯಾರೆ ಕತ್ತರಿಸಿ ಅಂಟಿಸಿದ ಕೊನೆಯ ತಲೆಮಾರಿನವನು. ಇದು ನನ್ನ ಕೆಲಸದ ವಿಷಯ, ಸ್ವಲ್ಪ ಉದ್ದ ಬರೆದರೆ ಕ್ಷಮಿಸಿ.

ನೀವು ಕೇಳುತ್ತಿರುವುದು ಒಂದು ಹಾಡಲ್ಲ, ಎರಡು.

1966ರ ನವೆಂಬರ್ 24ಕ್ಕೆ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಕೆಲಸ ಶುರುವಾಯಿತು. ಆ ತಿಂಗಳ ಕೊನೆಗೆ ಒಂದು ಪ್ರತಿ ಸಿದ್ಧವಾಯಿತು, ಅದಕ್ಕೆ ಟೇಕ್ 7 ಅಂತ ಹೆಸರು. ಮೆತ್ತಗಿದೆ, ನಿಧಾನ. ಲೆನ್ನನ್‌ಗೆ ಸಮಾಧಾನ ಆಗಲಿಲ್ಲ. ಇನ್ನೂ ಭಾರವಾಗಿ ಬೇಕು ಅಂದರು. ಡಿಸೆಂಬರ್ 8ಕ್ಕೆ ಮೊದಲಿನಿಂದ ಮತ್ತೆ ಶುರು. ಆವತ್ತು ಸಂಜೆ ನಿರ್ಮಾಪಕ ಜಾರ್ಜ್ ಮಾರ್ಟಿನ್, ಎಂಜಿನಿಯರ್ ಜೆಫ್ ಎಮರಿಕ್ ಇಬ್ಬರೂ ಗಾಯಕ ಕ್ಲಿಫ್ ರಿಚರ್ಡ್ ಸಿನಿಮಾದ ಮೊದಲ ಪ್ರದರ್ಶನಕ್ಕೆ ಹೋಗಿದ್ದರು. ಅವರು ಬರುವ ತನಕ ಡೇವ್ ಹ್ಯಾರಿಸ್ ಅನ್ನುವ ತಂತ್ರಜ್ಞರೇ ರೆಕಾರ್ಡಿಂಗ್ ನಡೆಸಿದರು. ಜೋರಾದ ಡ್ರಮ್ಮು, ಹಿಂದುಮುಂದಾಗಿ ಓಡಿಸಿದ ತಾಳದ ಸದ್ದು, ಕೈಗೆ ಸಿಕ್ಕಿದ್ದೆಲ್ಲ. ಆಮೇಲೆ ಮಾರ್ಟಿನ್ ಬರೆದ ಸ್ವರಲಿಪಿಗೆ ನಾಲ್ಕು ಟ್ರಂಪೆಟ್, ಮೂರು ಚೆಲ್ಲೋ (ದೊಡ್ಡ ಪಿಟೀಲಿನ ಥರದ್ದು) ಸೇರಿದವು. ಇದು ಟೇಕ್ 26.

ಈಗ ಲೆನ್ನನ್ ಬಂದು, ಮೊದಲನೆಯದರ ಶುರು ಚೆನ್ನಾಗಿದೆ, ಎರಡನೆಯದರ ಕೊನೆ ಚೆನ್ನಾಗಿದೆ, ಎರಡನ್ನೂ ಸೇರಿಸಿಬಿಡಿ ಅಂದರು. ಮಾರ್ಟಿನ್ ಹೇಳಿದರು, ಎರಡರ ಶ್ರುತಿ ಬೇರೆ, ಲಯವೂ ಬೇರೆ. ಲೆನ್ನನ್‌ಗೆ ಅದು ತಲೆಕೆಡಿಸಿಕೊಳ್ಳುವ ವಿಷಯವೇ ಅಲ್ಲ. ನೀವು ಮಾಡುತ್ತೀರಿ ಬಿಡಿ ಅಂತ ಹೊರಟರು.

ಇಲ್ಲಿ ಅದೃಷ್ಟ ಕೈ ಹಿಡಿಯಿತು. ಟೇಪನ್ನು ವೇಗವಾಗಿ ಓಡಿಸಿದರೆ ಲಯ ಮಾತ್ರ ಏರಲ್ಲ, ಶ್ರುತಿಯೂ ಏರುತ್ತೆ. ನಿಧಾನ ಮಾಡಿದರೆ ಎರಡೂ ಇಳಿಯುತ್ತವೆ. ಎರಡನೇ ಪ್ರತಿ ವೇಗವೂ ಹೌದು, ಶ್ರುತಿ ಎತ್ತರವೂ ಹೌದು. ಹಾಗಾಗಿ ಅದನ್ನು ಇಳಿಸಿ, ಮೊದಲನೆಯದನ್ನು ಚೂರು ಏರಿಸಿದರೆ ಲಯ, ಶ್ರುತಿ ಎರಡೂ ಒಟ್ಟಿಗೇ ಹತ್ತಿರ ಬರುತ್ತವೆ. ವೇಗದ್ದರ ಶ್ರುತಿ ತಗ್ಗಾಗಿದ್ದಿದ್ದರೆ ಆ ಕಾಲದ ಯಂತ್ರದಲ್ಲಿ ಈ ಕೆಲಸ ಆಗುತ್ತಲೇ ಇರಲಿಲ್ಲ. ಡಿಸೆಂಬರ್ 22ಕ್ಕೆ ಮಾರ್ಟಿನ್, ಎಮರಿಕ್ ಕೂತು ಟೇಪನ್ನು ಓರೆಯಾಗಿ ಕತ್ತರಿಸಿ ಅಂಟಿಸಿದರು.

ಹೆಡ್‌ಫೋನ್ ಹಾಕಿಕೊಂಡು ಸರಿಯಾಗಿ ಒಂದು ನಿಮಿಷದ ಹತ್ತಿರ ಕಾಯಿರಿ. ಕೊಳಲು, ಗಿಟಾರಿನ ಜಾಗಕ್ಕೆ ಚೆಲ್ಲೋ ಬಂದು ಕೂರುತ್ತೆ. ಅಲ್ಲಿಂದ ಮುಂದೆ ದನಿ ದಪ್ಪ. ನಿಮಗೆ ನೀರಿನ ಅಡಿಯಿಂದ ಹಾಡಿದ ಹಾಗೆ ಕೇಳಿಸಿದ್ದಕ್ಕೆ ಇದೂ ಒಂದು ಕಾರಣ. ಲೆನ್ನನ್ ಅಷ್ಟು ತಗ್ಗಿನಲ್ಲಿ, ಅಷ್ಟು ನಿಧಾನವಾಗಿ ಹಾಡೇ ಇಲ್ಲ. ಟೇಪು ಹಾಡಿಸಿದ್ದು.

2017ರಲ್ಲಿ ಬಂದ, ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್‌ನ ಐವತ್ತನೇ ವರ್ಷದ ಸಂಚಿಕೆಯಲ್ಲಿ ಟೇಕ್ 7 ಮತ್ತು ಟೇಕ್ 26 ಬೇರೆ ಬೇರೆಯಾಗಿಯೇ ಇವೆ. ದಯವಿಟ್ಟು ಅವೆರಡನ್ನೂ ಕೇಳಿ, ಆಮೇಲೆ ಸಿಂಗಲ್ ಕೇಳಿ.

ಧಾರವಾಡದ_ತಂತಿ:

ಟೇಪು ಕತ್ತರಿ ಸರ್, ಇದನ್ನು ಓದಿ ನನ್ನದೊಂದು ಹಳೇ ಗೊಂದಲ ಅರ್ಧ ಬಗೆಹರಿಯಿತು. ನಾನು ಹಿಂದುಸ್ತಾನಿ ಗಾಯನ ಕಲಿಯುವವಳು. ಈ ಹಾಡಿನಲ್ಲಿ ಸ್ವರಮಂಡಲ ಇದೆ ಅನ್ನೋದನ್ನು ಇಲ್ಲಿ ಯಾರೂ ಇನ್ನೂ ಹೇಳಿಲ್ಲ. ಜೋಡಣೆಯ ನಂತರದ ಭಾಗದಲ್ಲಿ, ಪಲ್ಲವಿ ಮುಗಿದು ಮುಂದಿನ ಚರಣಕ್ಕೆ ಹೋಗುವಾಗ, ಮೇಲಿನಿಂದ ಕೆಳಕ್ಕೆ ಸರ್ರನೆ ಒಂದು ತಂತಿಯ ಸದ್ದು ಇಳಿಯುತ್ತೆ ನೋಡಿ, ಅದು. ನುಡಿಸಿದ್ದು ಜಾರ್ಜ್ ಹ್ಯಾರಿಸನ್.

ನಮ್ಮ ಕಡೆ ಹಿಂದುಸ್ತಾನಿ ಕಛೇರಿ ಕೇಳಿದವರಿಗೆಲ್ಲ ಈ ವಾದ್ಯ ಗೊತ್ತು. ಬಡೇ ಗುಲಾಂ ಅಲಿ ಖಾನ್ ಸಾಹೇಬರ ಫೋಟೋಗಳಲ್ಲಿ ತೊಡೆಯ ಮೇಲೆ ಇರುವುದು ಅದೇ. ಪೆಟ್ಟಿಗೆಯ ಹಾಗೆ ಇರುತ್ತೆ, ಮೂವತ್ತರ ಆಸುಪಾಸು ತಂತಿ. ಹಾಡುವ ರಾಗಕ್ಕೆ ತಕ್ಕ ಸ್ವರಕ್ಕೆ ಒಂದೊಂದು ತಂತಿಯನ್ನೂ ಸಣ್ಣ ಕೀಲಿಯಿಂದ ತಿರುಗಿಸಿ ಹೊಂದಿಸಬೇಕು. ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊದಲಿನ ತಂತಿ ಇಳಿದಿರುತ್ತೆ. ನಾನು ಎಷ್ಟು ಸಲ ಅತ್ತಿದ್ದೇನೆ ಅದರ ಮುಂದೆ.

ಬೀಟಲ್ಸ್ 1966ರ ಜುಲೈನಲ್ಲಿ ಮನಿಲಾದಿಂದ ದೆಹಲಿಗೆ ಬಂದು ಇಳಿದಿದ್ದರು, ಹ್ಯಾರಿಸನ್ ಅಲ್ಲಿ ರಿಖಿ ರಾಮ್ ಅಂಗಡಿಯಲ್ಲಿ ಸಿತಾರ್ ಕೊಂಡರು. ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದು ಮುಂಬಯಿ, ಆಮೇಲೆ ಕಾಶ್ಮೀರ. ಅಲ್ಲಿಂದ ವಾಪಸ್ ಹೋಗಿ ಎರಡೇ ತಿಂಗಳಿಗೆ ಈ ಹಾಡು. ಇದರಲ್ಲಿ ಸಿತಾರ್ ಮುಂದೆ ತಂದು ಕೂರಿಸಬಹುದಿತ್ತು, ಆಗ ಅದು ಫ್ಯಾಷನ್ ಕೂಡ. ಅವರು ಹಾಗೆ ಮಾಡದೆ ಸ್ವರಮಂಡಲವನ್ನು ಎರಡು ಮೂರು ಕಡೆ ಮಾತ್ರ ಎಳೆದು ಬಿಟ್ಟರು. ಬಾಗಿಲಿಗೆ ಕಟ್ಟಿದ ಮಣಿಯ ಪರದೆ ಸರಿಸಿ ಯಾರೋ ಒಳಗೆ ಹೋದ ಹಾಗೆ ಕೇಳಿಸುತ್ತೆ ನನಗೆ.

ನನ್ನ ಗೊಂದಲ ಏನೆಂದರೆ, ನಾನು ಎಷ್ಟೋ ಸಲ ಈ ಹಾಡಿಗೆ ತಂಬೂರಿ ಸೇರಿಸೋಕೆ ನೋಡಿದ್ದೇನೆ. ಹಾರ್ಮೋನಿಯಂನಲ್ಲಿ ಕಪ್ಪು ಐದರ, ಅಂದರೆ ಐದನೇ ಕಪ್ಪು ಮನೆಯ ಶ್ರುತಿಯ, ಹತ್ತಿರ ಬರುತ್ತೆ, ಆದರೆ ಅದರ ಮೇಲೆ ಸರಿಯಾಗಿ ಕೂರಲ್ಲ. ಟೇಪಿನ ವೇಗ ಬದಲಿಸಿದ್ದಕ್ಕೇ ಹೀಗಾ?

ಟೇಪು_ಕತ್ತರಿ:

ಅದಕ್ಕೇ ಮೇಡಂ. ಎರಡೂ ತುಂಡು ತಮ್ಮ ಜಾಗ ಬಿಟ್ಟು ಸರಿದಿವೆ. ವಾದ್ಯಗಳನ್ನು ಹೊಂದಿಸಿದ್ದು ಒಂದು ಶ್ರುತಿಗೆ, ಟೇಪು ನಮಗೆ ಕೇಳಿಸುತ್ತಿರುವುದು ಇನ್ನೊಂದು ಶ್ರುತಿಗೆ. ಶುರುವಿನ ಕೊಳಲೂ ನಿಜವಾದ ಕೊಳಲಲ್ಲ. ಮೆಲೊಟ್ರಾನ್ ಅನ್ನುವ ಪೆಟ್ಟಿಗೆ, ಹಾರ್ಮೋನಿಯಂ ಥರ ಒತ್ತುವ ಮನೆಗಳಿರುವುದು. ತಂಡದ ಪಾಲ್ ಮೆಕಾರ್ಟ್ನಿ ನುಡಿಸಿದ್ದು. ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ, ಅದರಲ್ಲಿ ಮೊದಲೇ ಯಾರೋ ಊದಿದ ಒಂದು ಸ್ವರ. ಮನೆ ಒತ್ತಿದರೆ ಪಟ್ಟಿ ಓಡುತ್ತೆ, ಸುಮಾರು ಎಂಟು ಸೆಕೆಂಡಿಗೆ ಮುಗಿಯುತ್ತೆ. ಬೆರಳು ಎತ್ತಿದರೆ ಪಟ್ಟಿ ಮತ್ತೆ ಶುರುವಿಗೆ ಹೋಗುತ್ತೆ. ಹಳೇ ರೆಕಾರ್ಡು ಸರ್, ನಿಮ್ಮ ರೂಮ್‌ಮೇಟ್ ಟೇಪು ನಡುಗ್ತಿದೆ ಅಂದಿದ್ದು ನೂರಕ್ಕೆ ನೂರು ಸರಿ. ನಡುಗಿದ್ದು ಟೇಪೇ. ನಿಮ್ಮ ಕ್ಯಾಸೆಟ್ ಅಲ್ಲ, ಅವರ ಪೆಟ್ಟಿಗೆಯೊಳಗಿನದು.

ಹಳೇ_ರೆಕಾರ್ಡು:

ನಲವತ್ತು ವರ್ಷ ಆದಮೇಲೆ ಅವನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಖುಷಿಗೆ ಮಾತೇ ಹೊರಡಲಿಲ್ಲ ಅವನಿಗೆ.

ಮರ್ಸಿ_ದಡದವಳು:

ನಾನು ಶಿವಮೊಗ್ಗದವಳು, ಕೆಲಸದ ಮೇಲೆ ಲಿವರ್‌ಪೂಲ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಹಾಡಿನ ಜಾಗದ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಇಲ್ಲಿ ಸ್ಟ್ರಾಬೆರಿ ಹೊಲ ಏನೂ ಇಲ್ಲ. ವೂಲ್ಟನ್ ಅನ್ನುವ ಬಡಾವಣೆಯ ಬೀಕನ್ಸ್‌ಫೀಲ್ಡ್ ರಸ್ತೆಯಲ್ಲಿ ಸಾಲ್ವೇಶನ್ ಆರ್ಮಿ ನಡೆಸುತ್ತಿದ್ದ ಮಕ್ಕಳ ಆಶ್ರಮ, ಅದರ ಹೆಸರು ಸ್ಟ್ರಾಬೆರಿ ಫೀಲ್ಡ್. ಲೆನ್ನನ್ ಬೆಳೆದದ್ದು ದೊಡ್ಡಮ್ಮ ಮಿಮಿ ಮನೆಯಲ್ಲಿ, ಮೆನ್‌ಲವ್ ಅವೆನ್ಯೂದಲ್ಲಿ. ಅಲ್ಲಿಂದ ಇಲ್ಲಿಗೆ ನಡೆದೇ ಬರಬಹುದು. ಪ್ರತಿ ಬೇಸಿಗೆ ಆಶ್ರಮದ ತೋಟದಲ್ಲಿ ಜಾತ್ರೆ ಥರ ಒಂದು ದಿನ ಆಗುತ್ತಿತ್ತು, ಬ್ಯಾಂಡ್ ಬಾರಿಸುತ್ತಿದ್ದರು. ಆ ಸದ್ದು ಕೇಳಿದರೆ ಹುಡುಗ ದೊಡ್ಡಮ್ಮನ ಕೈ ಹಿಡಿದು ಎಳೆಯುತ್ತಿದ್ದನಂತೆ. ಉಳಿದ ದಿನ ಮರಗಳ ನಡುವೆ ಆಟ.

ಆಶ್ರಮ 2005ರಲ್ಲಿ ಮುಚ್ಚಿತು. 2019ರಿಂದ ಒಳಗೆ ಹೋಗಿ ನೋಡಬಹುದು. ಕಲಿಕೆಯಲ್ಲಿ ತೊಂದರೆ ಇರುವ ಯುವಕರಿಗೆ ಅಲ್ಲಿ ಕೆಲಸದ ತರಬೇತಿ ಕೊಡುತ್ತಾರೆ. ಕೆಂಪು ಬಣ್ಣದ ಕಬ್ಬಿಣದ ಗೇಟಿದೆ. ಎರಡೂ ಕಡೆಯ ಕಲ್ಲಿನ ಕಂಬದ ತುಂಬಾ ಲೋಕದ ಎಲ್ಲಾ ಭಾಷೆಯ ಹೆಸರು ಬರೆದಿದ್ದಾರೆ. ನಾನು ಏನೂ ಬರೆಯಲಿಲ್ಲ, ಕೈ ಇಟ್ಟು ಬಂದೆ. ಕಲ್ಲು ಒದ್ದೆ ಇತ್ತು, ಇಲ್ಲಿ ಯಾವಾಗಲೂ ಒದ್ದೆಯೇ.

ನಮ್ಮೂರಲ್ಲಿ ಶಾಲೆಯ ಹಿಂದೆ ಒಂದು ಗೇರು ತೋಟ ಇತ್ತು. ಬೇಲಿ ನುಸುಳಿ ಹೋಗುತ್ತಿದ್ದೆವು. ಈಗ ಅಲ್ಲಿ ಸೈಟು ಮಾಡಿದ್ದಾರೆ. ಈ ಹಾಡು ಕೇಳಿದಾಗ ನನಗೆ ಬರುವುದು ಆ ತೋಟದ ಒಣ ಎಲೆಯ ವಾಸನೆ. ಇದನ್ನು ಸೈಕೆಡೆಲಿಕ್ ಅಂತಾರೆ, ಮಾದಕ ವಸ್ತುವಿನ ಹಾಡು ಅಂತಾರೆ. ಲೆನ್ನನ್ ಎಲ್‌ಎಸ್‌ಡಿ ತೆಗೆದುಕೊಳ್ಳುತ್ತಿದ್ದದ್ದು ಅವರೇ ಹೇಳಿರುವ ವಿಷಯ, ಇಲ್ಲ ಅನ್ನಲ್ಲ. ಆದರೆ ನನಗೆ ಇದು ಹತ್ತು ವರ್ಷದ ಹುಡುಗನ ಹಾಡು. ಸರಿಯಾಗಿ ನೆನಪಾಗದೆ ಇರುವುದು, ಅರ್ಧ ಕೇಳಿಸುವುದು, ಎಲ್ಲೋ ದೂರದ ಬ್ಯಾಂಡಿನ ಸದ್ದು. ಆ ಟ್ರಂಪೆಟ್‌ಗಳು ಬಂದಾಗಲೆಲ್ಲ ನನಗೆ ಆ ತೋಟದ ಜಾತ್ರೆಯೇ ಕಣ್ಣಿಗೆ ಬರುತ್ತೆ.

ಬೇಸ್_ಸದ್ದು:

ಅಕ್ಕಾ, ಟ್ರಂಪೆಟ್ ಬಗ್ಗೆ ಹೀಗೆ ಯೋಚಿಸಿಯೇ ಇರಲಿಲ್ಲ. ಈಗ ಬೇರೆ ಥರ ಕೇಳಿಸುತ್ತಿದೆ.

ಹಳೇ_ರೆಕಾರ್ಡು:

ಜಾಗದ ಮಾತು ಬಂದದ್ದು ಒಳ್ಳೆಯದಾಯಿತು. ಮೆಕಾರ್ಟ್ನಿ ಬರೆದ ‘ಪೆನ್ನಿ ಲೇನ್’ ಕೂಡ ಅದೇ ಊರಿನ ಬೀದಿ. ಅಂದರೆ ಇಬ್ಬರು ಗೆಳೆಯರು ಒಂದೇ ರೆಕಾರ್ಡಿನ ಎರಡು ಬದಿಗೆ ತಮ್ಮ ಬಾಲ್ಯದ ಊರನ್ನು ಹಾಕಿದ್ದಾರೆ. ಮೆಕಾರ್ಟ್ನಿಯದು ಮಟಮಟ ಮಧ್ಯಾಹ್ನ, ಲೆನ್ನನ್‌ದು ಮುಸ್ಸಂಜೆ. ಇಂಗ್ಲೆಂಡಿನಲ್ಲಿ ಅವರ ಸಿಂಗಲ್ ಚಿತ್ರವಿರುವ ಕವರಿನಲ್ಲಿ ಬಂದದ್ದು ಇದೇ ಮೊದಲು. ಆ ಕವರಿನ ಹಿಂದೆ ನಾಲ್ಕೂ ಜನರ ಪುಟ್ಟ ಮಕ್ಕಳಾಗಿದ್ದಾಗಿನ ಫೋಟೋ. ಗೆಳೆಯರೊಬ್ಬರ ಮನೆಯಲ್ಲಿ ಅದರ ಒಂದು ಪ್ರತಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮುಂದೆ ಮೀಸೆ ಬಿಟ್ಟವರು, ತಿರುಗಿಸಿದರೆ ಕೂಸುಗಳು.

ನನಗೆ ಬೇಸರ ಇರುವುದು ಪಟ್ಟಿಯ ಬಗ್ಗೆ ಅಲ್ಲ, ಇನ್ನೊಂದರ ಬಗ್ಗೆ. ಈ ಎರಡು ಹಾಡುಗಳು ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್‌ಗೆ ಅಂತ ಶುರುವಾದವು. ಹೊಸ ಸಿಂಗಲ್ ಬೇಕೇ ಬೇಕು ಅಂತ ಒತ್ತಾಯ ಬಂತು, ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್ ಕೇಳಿದರು, ಮಾರ್ಟಿನ್ ತಮ್ಮ ಹತ್ತಿರ ಇದ್ದದ್ದರಲ್ಲೇ ಅತ್ಯುತ್ತಮವಾದದ್ದನ್ನು ತೆಗೆದು ಕೊಟ್ಟರು. ಸಿಂಗಲ್ ಆಗಿ ಬಂದದ್ದನ್ನು ಮತ್ತೆ ಆಲ್ಬಮ್‌ನಲ್ಲಿ ಹಾಕಿದರೆ ಜನರಿಂದ ಎರಡು ಸಲ ದುಡ್ಡು ಕಿತ್ತ ಹಾಗೆ ಅನ್ನುವುದು ಅವರ ಪದ್ಧತಿ. ಹಾಗಾಗಿ ಎರಡೂ ಹೊರಗೆ ಉಳಿದವು. ಇದು ತಾನು ಮಾಡಿದ ದೊಡ್ಡ ತಪ್ಪು ಅಂತ ಮಾರ್ಟಿನ್ ಆಮೇಲೆ ಎಷ್ಟೋ ಸಲ ಹೇಳಿಕೊಂಡರು. ಕೊಳ್ಳುವವರ ಜೇಬಿನ ಬಗ್ಗೆ ಅಷ್ಟು ಯೋಚಿಸಿದವರ ಮೇಲೆ ನನಗೆ ಸಿಟ್ಟು ಬರಲ್ಲ. ಆದರೂ ಆ ಆಲ್ಬಮ್ ಹಾಕಿದಾಗಲೆಲ್ಲ ಈ ಹಾಡು ಎಲ್ಲಿ ಕೂರಬೇಕಿತ್ತು ಅಂತ ಮನಸ್ಸು ಹುಡುಕುತ್ತೆ.

ಲೆಕ್ಕದ_ಮೇಷ್ಟ್ರು:

ಒಂದು ಸಣ್ಣ ಸೇರ್ಪಡೆ. ಆ ಪಿಯಾನೋ ಫಿಲ್ಮ್ ತೆಗೆದದ್ದು ಜನವರಿ ಕೊನೆಗೆ, ಕೆಂಟ್‌ನ ನೋಲ್ ಪಾರ್ಕಿನಲ್ಲಿ, ಸ್ವೀಡನ್ನಿನ ಪೀಟರ್ ಗೋಲ್ಡ್‌ಮನ್ ನಿರ್ದೇಶನ. ಬಿಡುವಿನಲ್ಲಿ ಲೆನ್ನನ್ ಪಕ್ಕದ ಊರಿನ ಹಳೇ ಸಾಮಾನಿನ ಅಂಗಡಿಗೆ ಹೋಗಿ 1843ರ ಒಂದು ಸರ್ಕಸ್ ಪೋಸ್ಟರ್ ಕೊಂಡರು. ಮುಂದಿನ ಆಲ್ಬಮ್‌ನ ಒಂದು ಹಾಡು ಪೂರ್ತಿ ಆ ಪೋಸ್ಟರಿನಿಂದಲೇ ಹುಟ್ಟಿತು. ಅಂದರೆ ಹಾಡು ಹೊರಗೆ ಉಳಿದರೂ ಆಲ್ಬಮ್‌ಗೆ ಒಂದು ಹಾಡು ಕೊಟ್ಟೇ ಹೋಗಿದೆ.

ಹೊಸ_ಕಿವಿ:

ಎಲ್ಲರಿಗೂ ಥ್ಯಾಂಕ್ಸ್. ಟೇಕ್ 7, ಟೇಕ್ 26, ಆಮೇಲೆ ಸಿಂಗಲ್, ಇದೇ ಕ್ರಮದಲ್ಲಿ ಕೇಳಿದೆ. ಟೇಕ್ 26 ಕೇಳಿದಾಗ ನಗು ಬಂತು, ಎಷ್ಟು ಅವಸರ ಅದಕ್ಕೆ! ಟೇಕ್ 7 ಚೆನ್ನಾಗಿದೆ, ಆದರೆ ಕೊನೆಯ ತನಕ ಅಲ್ಲಲ್ಲೇ ಇರುತ್ತೆ. ಅದೇ ಎರಡನ್ನು ಸೇರಿಸಿದಾಗ ಒಂದು ನಿಮಿಷ ಆದಮೇಲೆ ನೆಲ ಕುಸಿದ ಹಾಗೆ ಆಯಿತು. ಈಗ ಇಷ್ಟ ಆಯ್ತಾ ಅಂದರೆ ಇನ್ನೂ ಪೂರ್ತಿ ಹೌದು ಅನ್ನಲಾರೆ. ಆದರೆ ಇವತ್ತು ಬಸ್ಸಿನಲ್ಲಿ ಬರುವಾಗ ತಾನಾಗಿಯೇ ತಲೆಯಲ್ಲಿ ಓಡುತ್ತಿತ್ತು, ‘ಪೆನ್ನಿ ಲೇನ್’ ಅಲ್ಲ, ಇದು. ಒಂದು ಪ್ರಶ್ನೆ. ತೀರಾ ಕೊನೆಯಲ್ಲಿ, ಹಾಡು ವಾಪಸ್ ಬಂದಮೇಲೆ ಯಾರೋ ಏನೋ ಗೊಣಗುತ್ತಾರಲ್ಲ, ಅದೇನು?

ಬೇಸ್_ಸದ್ದು:

‘ಕ್ರ್ಯಾನ್‌ಬೆರಿ ಸಾಸ್’. ಅಷ್ಟೇ. ಲೆನ್ನನ್ ಸುಮ್ನೆ ಅಂದಿದ್ದು. 1969ರಲ್ಲಿ ಮೆಕಾರ್ಟ್ನಿ ಸತ್ತುಹೋಗಿದ್ದಾರೆ ಅಂತ ಗಾಳಿಸುದ್ದಿ ಹಬ್ಬಿದಾಗ, ಜನ ಅದನ್ನು ‘ಐ ಬರೀಡ್ ಪಾಲ್’, ಅಂದರೆ ‘ಪಾಲ್‌ನನ್ನು ಹೂತೆ’, ಅಂದ ಹಾಗೆ ಕೇಳಿಸಿಕೊಂಡರು. ಟೇಕ್ 7 ಪೂರ್ತಿ ಕೇಳಿದ್ದೀಯಲ್ಲ, ಈಗ ನಮ್ಮ ಬ್ಯಾಂಡಿಗೆ ಬಂದು ಕೊಳಲಿನ ಭಾಗ ನೀನೇ ಹಿಡಿ.

ಧಾರವಾಡದ_ತಂತಿ:

ನಿನ್ನೆ ಕ್ಲಾಸಿಗೆ ಹೋದಾಗ ಗುರುಗಳಿಗೆ ಈ ಹಾಡು ಕೇಳಿಸಿದೆ. ಅವರಿಗೆ ಎಪ್ಪತ್ತು ದಾಟಿದೆ, ಇಂಗ್ಲಿಷ್ ಹಾಡು ಕೇಳುವವರಲ್ಲ. ಏನೂ ಹೇಳದೆ ಫೋನ್ ಅವರ ಹತ್ತಿರ ಇಟ್ಟೆ. ಕಣ್ಣು ಮುಚ್ಚಿ ಕೇಳಿದರು. ಸ್ವರಮಂಡಲ ಬಂದ ತಕ್ಷಣ ಕಣ್ಣು ತೆರೆದು ‘ಇದು ನಮ್ಮದಲ್ಲಾ?’ ಅಂದರು. ಮತ್ತೆ ಕೇಳಿಸು ಅಂದರು. ಎರಡನೇ ಸಲ ಮುಗಿದಾಗ, ‘ಶ್ರುತಿ ಕಪ್ಪಿನಲ್ಲೂ ಇಲ್ಲ, ಬಿಳಿಯಲ್ಲೂ ಇಲ್ಲ, ಯಾಕೆ ಹೀಗೆ?’ ಅಂತ ಕೇಳಿದರು. ನೀವೆಲ್ಲ ಹೇಳಿದ ಕತೆ ಹೇಳಿದೆ. ಎರಡು ಟೇಪು, ಒಂದನ್ನು ಏರಿಸಿದ್ದು, ಇನ್ನೊಂದನ್ನು ಇಳಿಸಿದ್ದು, ಒಂದು ನಿಮಿಷಕ್ಕೆ ಅಂಟಿಸಿದ್ದು.

ಅವರು ಎದ್ದು ತಮ್ಮ ಸ್ವರಮಂಡಲ ತಂದರು. ಗವಸು ತೆಗೆದು, ಕೀಲಿ ಹಿಡಿದು, ಫೋನಿನ ಹಾಡಿಗೆ ಒಂದೊಂದೇ ತಂತಿ ಇಳಿಸುತ್ತಾ ಹೋದರು. ಹಾಡು ಎಷ್ಟು ಸಲ ಹಾಕಿದೆನೋ ಲೆಕ್ಕ ತಪ್ಪಿತು. ನನ್ನ ಪಾಠದ ಸಮಯ ಮುಗಿದು ಮುಂದಿನ ಹುಡುಗ ಬಂದು ಬಾಗಿಲಲ್ಲಿ ನಿಂತಿದ್ದ. ಕೊನೆಗೆ ಹೊಂದಿತು. ಹ್ಯಾರಿಸನ್ ತಂತಿ ಎಳೆಯುವ ಜಾಗ ಬಂದಾಗ ಗುರುಗಳೂ ಮೇಲಿನಿಂದ ಕೆಳಕ್ಕೆ ಒಂದು ಸಲ ಬೆರಳು ಎಳೆದರು. ಆಮೇಲೆ ನನ್ನ ಕಡೆ ನೋಡಿ, ‘ಇನ್ನೊಮ್ಮೆ ಹಾಕು’ ಅಂದರು.